ಕೈಗೆ ಕೊಡದ ಕೋವಿ

ಮೊನ್ನೆ ಹೊಲಿಗೆ ಮೆಷಿನ್ ರಿಪೇರಿಯವನು ಬಂದು ಎಣ್ಣೆ ಬಿಟ್ಟು ಹೋದ. ಕಬ್ಬಿಣಕ್ಕೆ ಸವರಿದ ಆ ಎಣ್ಣೆಯ ವಾಸನೆಗೆ ಅವತ್ತು ನನಗೆ ಊಟ ಸೇರಲಿಲ್ಲ. ನನ್ನ ಗಂಡನಿಗೆ ಕೋವಿ ಹಿಡಿಯಲು ಕಲಿಸಿದ ಮೇಷ್ಟರ ಕೈಯಿಂದ ಬರುತ್ತಿದ್ದ ವಾಸನೆ ಅದು. ಕೈಯಿಂದ ಎಂದು ಬರೆದೆ... ಆ ಕೈಯ ಹತ್ತಿರಕ್ಕೆ ನಾವು ಯಾರಾದರೂ ಹೋಗಿದ್ದರೆ ತಾನೆ? ಅದು ಅಂಗಳದಿಂದ ಜಗಲಿಗೆ ತೇಲಿ ಬರುತ್ತಿದ್ದ ವಾಸನೆ.

ಆಗ ಮಹಾರಾಜರ ಕಾಲ. ಹುಣಸೂರಿನಲ್ಲಿ ನಾಲ್ಕಕ್ಷರ ಕಲಿತು, ಹಂಪಾಪುರದ ಆಚೆಯ ಹಳ್ಳಿಗೆ ಸೊಸೆಯಾಗಿ ಬಂದಿದ್ದೆ. ರಾಗಿ ತೆನೆ ಕಟ್ಟಿತೆಂದರೆ ಹಂದಿ, ಆನೆ ಹೊಲಕ್ಕೆ ನುಗ್ಗುತ್ತಿದ್ದವು. ಮಾವನವರು ಲೈಸೆನ್ಸ್ ಮಾಡಿಸಿ ಕೋವಿಯನ್ನೇನೋ ತಂದರು, ಹೊಡೆಯಲು ಯಾರಿಗೂ ಬಾರದು. ಊರಾಚೆಯ ಕೇರಿಯಲ್ಲಿ, ನಮ್ಮವರು ಮುಟ್ಟಿಸಿಕೊಳ್ಳದ ಜನರ ನಡುವೆ, ಪಿಂಚಣಿ ಪಡೆದು ಬಂದ ಹವಾಲ್ದಾರರೊಬ್ಬರಿದ್ದರು. ಪಲ್ಟನ್ನಿಗೆ ಕಾಲಾಳಾಗಿ ಸೇರಿ, ಬಸ್ರಾದವರೆಗೆ ಲಡಾಯಿಗೆ ಹೋಗಿ, ಕಡೆಕಡೆಗೆ ಹೊಸ ಸಿಪಾಯಿಗಳಿಗೆ ಗುರಿ ಕಲಿಸಿದವರು. ಮಾವನವರು ಅವರಿಗೆ ಹೇಳಿಕಳಿಸಿದರು.

ಪಾಠ ನಡೆಯುತ್ತಿದ್ದ ಚೆಂದವನ್ನು ಏನೆಂದು ಹೇಳಲಿ... ಭುಜಕ್ಕೆ ಕೋವಿ ಎಲ್ಲಿ ಒತ್ತಬೇಕೆಂದು ತೋರಿಸಲು ಅವರು ತಮ್ಮ ಭುಜವನ್ನೇ ತಟ್ಟಿಕೊಳ್ಳಬೇಕು. ಕೋವಿಯನ್ನು ಕೈಯಿಂದ ಕೈಗೆ ಕೊಡುವಂತಿಲ್ಲ. ಅವರು ನೆಲದ ಮೇಲಿಟ್ಟು ಹಿಂದೆ ಸರಿದ ಮೇಲೆ ನನ್ನ ಗಂಡ ಎತ್ತಿಕೊಳ್ಳುತ್ತಿದ್ದರು. ನೆಲಕ್ಕಿಟ್ಟು ನಳಿಗೆಯೊಳಕ್ಕೆ ಮಣ್ಣು ಹೋದರೆ ಅಪಾಯ ಎಂದು ಮೇಷ್ಟರು ಮೊದಲ ದಿನವೇ ಬೇಡಿಕೊಂಡಿದ್ದರು. "ಕೈಗೆ ಕೊಡ್ಬ್ಯಾಡ ಕಣ್ಲಾ, ಅಲ್ಲೇ ಮಡಗು" ಎಂದರು ಮಾವ. ಮಾವನಿಗಿಂತ ಹಿರಿಯರಿಗೆ ಆ ಮಾತು. ಮರುದಿನದಿಂದ ಅವರು ಒಂದು ಗೋಣಿಚೀಲ ತಂದು ಹಾಸತೊಡಗಿದರು.

"ಮೊದ್ಲು ಗಾಳಿಗೆ ಹೊಡೀರಿ ಬುದ್ಧಿ. ಓಡ್ಲಿಲ್ಲ ಅಂದ್ರೆ ಆಮ್ಯಾಕೆ ನೋಡನ" ಎನ್ನುತ್ತಿದ್ದರು. ಕಾಯುವುದನ್ನು ಕಲಿಸುವುದೇ ಅವರಿಗೆ ಹೆಚ್ಚಾಗಿತ್ತು.

ಒಂದು ಸಂಜೆ ಮಳೆ ನಿಂತು ಅಂಗಳವೆಲ್ಲ ಕೆಸರಾಗಿತ್ತು. ಅವರು ತೋಟೆ ತುಂಬಿ ಗೋಣಿಯ ಮೇಲಿಟ್ಟ ಕೋವಿಯನ್ನು ನನ್ನ ಗಂಡ ಎತ್ತುವಾಗ ತುದಿ ಜಾರಿ ಕೆಸರಿಗೆ ನಾಟಿತು.

"ಇತ್ತಗೆ ಕೊಡಿ ಬುದ್ಧಿ, ನಳಿಗೆ ನೋಡ್ಕೊಡ್ತೀನಿ" ಎಂದು ಅವರು ಎರಡೂ ಕೈ ಚಾಚಿದರು.

ನನ್ನ ಗಂಡ ಆ ಕೈಗಳನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. "ಬುಡ್ಲಾ, ಮಣ್ಣಿಗೇ ಎದ್ರುಕೊಂಡ್ರೆ ಆನೆ ಓಡಿಸ್ದಂಗೇಯ" ಎಂದು ನಕ್ಕು ಕೋವಿಯ ಕುದುರೆ ಎಳೆದರು. ನಳಿಗೆ ಸಿಡಿಯಿತು.

ಎಡಗೈಯ ಎರಡು ಬೆರಳು ಹೋಗಿದ್ದವು. ನಾವೆಲ್ಲ ಬಾಯಿ ಬಡಿದುಕೊಳ್ಳುತ್ತ ನಿಂತಿದ್ದಾಗ ಮೇಷ್ಟರು ತಲೆಯ ಪಾಗು ಬಿಚ್ಚಿ ಕೈಗೆ ಬಿಗಿದರು, ನನ್ನ ಗಂಡನನ್ನು ಎತ್ತಿ ಗಾಡಿಯಲ್ಲಿ ಮಲಗಿಸಿದರು, ಕೋಟೆ ಪಟ್ಟಣದ ಆಸ್ಪತ್ರೆ ಮುಟ್ಟುವವರೆಗೂ ಮಣಿಕಟ್ಟು ಅದುಮಿ ಹಿಡಿದೇ ಕೂತಿದ್ದರು. ಹಾಗೆ ಹಿಡಿಯದಿದ್ದರೆ ಜೀವ ಉಳಿಯುತ್ತಿರಲಿಲ್ಲ ಎಂದರಂತೆ ಡಾಕ್ಟರು.

ವಾರದ ಮೇಲೆ ಮೇಷ್ಟರೇ ನನ್ನ ಗಂಡನನ್ನು ಗಾಡಿಯಲ್ಲಿ ಕರೆತಂದರು. ಅತ್ತೆ ಹೊಸ್ತಿಲಲ್ಲೇ ತಡೆದರು. "ಅವ್ನು ಮುಟ್ಟವ್ನೆ. ತಲೆಗೆ ನೀರು ಉಯ್ದು ಒಳಕ್ಕೆ ಕರ್ಕಳವ್ವ" ಎಂದು ನನಗೆ ಹೇಳಿದರು. ನಾನು ಹುಯ್ದೆ. ಯಾರೂ ನನ್ನ ಕೈ ಹಿಡಿದು ಮಾಡಿಸಲಿಲ್ಲ, ನಾನೇ ಹುಯ್ದೆ. ಗಾಡಿಯ ಪಕ್ಕದಲ್ಲಿ ನಿಂತು ಅವರು ನೋಡುತ್ತಿದ್ದರು.

"ಕೈಗೆ ಕಟ್ಟಿರೋ ಬಟ್ಟೆಗೆ ನೀರು ತಾಕುಸ್ಬ್ಯಾಡಿ ತಾಯಿ, ಗಾಯ ಕೀವಾಯ್ತದೆ" ಎಂದರು. ನನಗೆ ತಲೆ ಎತ್ತಲಾಗಲಿಲ್ಲ.

ಆಮೇಲೆ ಅವರು ನಮ್ಮ ಅಂಗಳಕ್ಕೆ ಬರಲಿಲ್ಲ. ಪಿರಿಯಾಪಟ್ಟಣದ ಕಡೆ, ಯಾವುದೋ ತೋಟದ ಕಾವಲುಗಾರರಿಗೆ ಕೋವಿ ಕಲಿಸಲು ಹೋದರೆಂದು ಯಾರೋ ಹೇಳಿದರು. ನನ್ನ ಗಂಡ ಆ ಸಂಜೆಯ ಮಾತನ್ನು ಸಾಯುವವರೆಗೂ ಎತ್ತಲಿಲ್ಲ. ನಾಚಿಕೆಯೋ ಹಟವೋ... ನಾನೂ ಕೇಳಲಿಲ್ಲ.

ಎಣ್ಣೆಯ ವಾಸನೆ ಬಂದ ಮಾರನೆಯ ದಿನ ನಾನು ಬಸ್ಸು ಹತ್ತಿ ಗಂಡನ ಊರಿಗೆ ಹೋದೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಆ ಕೇರಿಗೆ ಕಾಲಿಟ್ಟೆ. ಅವರು ಬದುಕಿರುವುದಿಲ್ಲವೆಂದು ಗೊತ್ತಿತ್ತು, ಮಕ್ಕಳೋ ಮೊಮ್ಮಕ್ಕಳೋ ಸಿಕ್ಕಿಯಾರು ಎಂಬ ಆಸೆ. ಬಾಗಿಲಲ್ಲಿ ಕೂತಿದ್ದ ಮುದುಕಿಯೊಬ್ಬರನ್ನು ವಿಚಾರಿಸಿದೆ.

"ಪಲ್ಟನ್ಗೋಗಿ ಬಂದೋರು ಮೂರ್ನಾಕು ಜನ ಇದ್ರಂತೆ ಕಣವ್ವ" ಎಂದರು ಆಕೆ. "ನೀವು ಕೇಳ್ತಿರೋರ ಎಸ್ರೇನು?"

ಬಾಯಿ ತೆರೆದೆ. ಅಷ್ಟು ದಿನ ಪಾಠ ಕಲಿಸಿ, ಒಂದು ಜೀವ ಉಳಿಸಿ ಕೊಟ್ಟವರ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿರಲೇ ಇಲ್ಲ.