ಗೀಟಣ್ಣ ಗ್ರಂಥಾಲಯದೊಳಗೆ ಹೋದದ್ದು

ಅಂಗಡಿಗಳಿಗೆ ಬೋರ್ಡು ಬರೆಯುವ ಆತನನ್ನು ಬೀದಿಯವರೆಲ್ಲ ಗೀಟಣ್ಣ ಎಂದೇ ಕರೆಯುತ್ತಿದ್ದರು. ದಾರಕ್ಕೆ ಸುಣ್ಣ ಸವರಿ, ಗೋಡೆಗೆ ಚಟ್ಟನೆ ಹೊಡೆದು ಗೀಟು ಮೂಡಿಸದೆ ಅವನು ಒಂದಕ್ಷರ ಬರೆದವನಲ್ಲ. ಐವತ್ತೆಂಟು ವಯಸ್ಸಾದರೂ ಅಕ್ಷರ ಗೀಟು ಬಿಟ್ಟು ಕೂದಲೆಳೆಯಷ್ಟು ಆಚೀಚೆ ಹೋದದ್ದಿಲ್ಲ. ಒಂದು ಬೆಳಿಗ್ಗೆ ಔಷಧಿ ಅಂಗಡಿಯ ಬೋರ್ಡಿನಲ್ಲಿ ‘ಷ’ದ ಹೊಟ್ಟೆ ಸೀಳಲು ಹೋದಾಗ ಬ್ರಷ್ಷು ತಾನಾಗಿ ಕುಣಿಯಿತು. ಏಣಿ ಅಲುಗಿರಬೇಕು ಅಂದುಕೊಂಡ. ಏಣಿ ಅಲುಗಿರಲಿಲ್ಲ.

ಅವನ ದೊಡ್ಡಪ್ಪ ನಡುಗುವ ಕಾಯಿಲೆಯಿಂದ ಏಳು ವರ್ಷ ಹಾಸಿಗೆ ಹಿಡಿದು, ಕೊನೆಗೆ ಗುಟುಕು ನೀರೂ ನುಂಗಲಾರದೆ ಹೋಗಿದ್ದ. ಅದನ್ನು ಗೀಟಣ್ಣ ಕಣ್ಣಾರೆ ಕಂಡಿದ್ದ. ಮೂರು ತಿಂಗಳು ಕೈಯನ್ನು ಜೇಬಿನಲ್ಲಿ ಬಚ್ಚಿಟ್ಟು ತಿರುಗಿ, ಕಡೆಗೆ ಆಸ್ಪತ್ರೆಗೆ ಹೋದ. ಡಾಕ್ಟರು ಎರಡು ನಿಮಿಷ ನೋಡಿ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಏನೋ ಗೀಚಿದರು.

“ಸೋಮವಾರ ನರದ ಡಾಕ್ಟರು ಬರ್ತಾರೆ, ಅವರಿಗೆ ತೋರಿಸಿ.”

“ಏನಾಗಿದೆ ಸಾರ್?”

“ಅವರೇ ಹೇಳ್ತಾರೆ.” ಸಾಲಿನಲ್ಲಿ ಹಿಂದಿದ್ದವರು ಆಗಲೇ ಒಳಗೆ ಕಾಲಿಟ್ಟಾಗಿತ್ತು.

ಸೋಮವಾರಕ್ಕೆ ಇನ್ನೂ ಆರು ದಿನ. ಹೆಂಡತಿಗೆ ಹೇಳಲು ಬಾಯಿ ಬರಲಿಲ್ಲ. ಹೇಳಿದರೆ ಅದೇ ನಿಜವಾಗಿಬಿಡುತ್ತದೇನೋ ಎಂಬ ದಿಗಿಲು. ತುತ್ತು ಗಂಟಲಲ್ಲಿ ನಿಂತರೆ ಸಾಕು, ಇಲ್ಲಿಗೂ ಬಂತು ಎಂದು ತಟ್ಟೆ ಸರಿಸಿಬಿಡುತ್ತಿದ್ದ. ಚೀಟಿಯಲ್ಲಿ ಏನಿದೆ ಎಂದು ಯಾರನ್ನಾದರೂ ಕೇಳಿದರೆ ಸಂಜೆಯೊಳಗೆ ಊರಿಗೆಲ್ಲ ಡಂಗುರ. ಆಮೇಲೆ ನಡುಗುವ ಕೈಗೆ ಬೋರ್ಡು ಕೊಡುವವರು ಯಾರು? ಆಗ ಗ್ರಂಥಾಲಯ ನೆನಪಾಯಿತು. ಪುಸ್ತಕವಾದರೆ ಊರಿಗೆ ಸಾರುವುದಿಲ್ಲವಲ್ಲ.

ಅಲ್ಲಿಗೂ ಹೆದರಿಕೆಯಲ್ಲೇ ಹೋದ. ವರಾಂಡದ ಗೋಡೆಯ ಮೇಲೆ ಕೆಂಪು ಅಕ್ಷರಗಳು: ‘ಸದ್ದು ಮಾಡಬಾರದು.’ ‘ಕೇಳದೆ ಪುಸ್ತಕ ಮುಟ್ಟಬಾರದು.’ ‘ಕೆಲಸವಿಲ್ಲದವರಿಗೆ ಪ್ರವೇಶವಿಲ್ಲ.’ ಎಲ್ಲವೂ ಅವನದೇ ಕೈಬರಹ. ಇಪ್ಪತ್ತು ವರ್ಷದ ಹಿಂದೆ ಆಗಿನ ಅಧಿಕಾರಿ, “ನೋಡಿದವನು ನಡುಗಬೇಕು, ಹಾಗೆ ಬರಿ” ಅಂದಿದ್ದರು. ಇವನು ಬರೆದ, ಬಾಗಿಲಾಚೆ ಇಣುಕದೆ ಹೊರಟುಬಿಟ್ಟ. ಈಗ ಓದಿಕೊಂಡ. ನನಗೇನು ಇಲ್ಲಿ ಕೆಲಸ ಅಂದುಕೊಂಡು ತಿರುಗಿ ಬಂದ. ಮರುದಿನವೂ ಹೋಗಿ, ಚಪ್ಪಲಿ ಬಿಚ್ಚಿ, ಮತ್ತೆ ಹಾಕಿಕೊಂಡು ಬಂದ.

ಮೂರನೆಯ ದಿನ ಒಳಗಿನಿಂದ ಒಬ್ಬಾಕೆ ಎದ್ದು ಬಂದಳು. ಹೊಸ ಗ್ರಂಥಪಾಲಕಿ.

“ಒಳಗೆ ಬನ್ನಿ ಅಣ್ಣಾ. ಬಿಸಿಲಲ್ಲಿ ಎಷ್ಟು ದಿನ ನಿಲ್ತೀರಿ?”

ಮೇಜಿನ ಮೇಲೆ ಸಹಿ ಮಾಡುವ ಪುಸ್ತಕವಿತ್ತು. ಅದನ್ನು ಕಂಡು ಗೀಟಣ್ಣ ಕೈಯನ್ನು ಇನ್ನೂ ಆಳಕ್ಕೆ ಜೇಬಿಗಿಳಿಸಿದ. ಆಕೆ ನೋಡಿದಳೋ ಇಲ್ಲವೋ, ಪುಸ್ತಕವನ್ನು ಪಕ್ಕಕ್ಕೆ ಸರಿಸಿ ಕುರ್ಚಿ ಎಳೆದುಕೊಟ್ಟಳು. ಏನು ಬೇಕು ಎನ್ನಲಿಲ್ಲ. ಫ್ಯಾನು ಹಾಕಿ ತನ್ನ ಪಾಡಿಗೆ ಕಾರ್ಡು ಜೋಡಿಸತೊಡಗಿದಳು. ಹತ್ತು ನಿಮಿಷವಾದ ಮೇಲೆ ಗೀಟಣ್ಣ ಚೀಟಿ ತೆಗೆದು ಅವಳತ್ತ ಚಾಚಿದ. ಕಾಗದ ಪಟಪಟ ಎಂದಿತು.

ಅವಳು ಅದನ್ನು ಗಟ್ಟಿಯಾಗಿ ಓದಲಿಲ್ಲ. ಕುರ್ಚಿ ಹತ್ತಿರಕ್ಕೆ ತಂದು ಪಿಸುದನಿಯಲ್ಲಿ ಹೇಳಿದಳು: “ಎರಡು ಕಾಯಿಲೆ ಹೆಸರಿದೆ. ಎರಡರ ಮುಂದೂ ಪ್ರಶ್ನೆ ಚಿಹ್ನೆ ಇದೆ. ಅಂದ್ರೆ ಡಾಕ್ಟರಿಗೇ ಇನ್ನೂ ಖಾತ್ರಿ ಇಲ್ಲ.”

“ಒಂದು... ನುಂಗೋಕೂ ಆಗದೆ ಹೋಗೋದಾ ತಾಯೀ?”

“ನಾನು ಡಾಕ್ಟರಲ್ಲ ಅಣ್ಣಾ. ಪುಸ್ತಕ ಕೊಡ್ತೀನಿ, ಓದಿ. ಇಲ್ಲೇ ಇರ್ತೀನಿ. ಬೇಕಾದ್ರೆ ಜೋರಾಗೇ ಕರೀರಿ.”

“ಸದ್ದು ಮಾಡಬಾರದು ಅಂತ ಬೋರ್ಡಿದೆಯಲ್ಲ?”

“ಯಾವ ಪುಣ್ಯಾತ್ಮ ಬರೆದನೋ! ಅಕ್ಷರ ಮುದ್ದಾಗಿದೆ, ಬುದ್ಧಿ ಮಾತ್ರ ಮೊಂಡು.”

ಮೂರು ತಿಂಗಳಲ್ಲಿ ಮೊದಲ ಸಲ ಗೀಟಣ್ಣನಿಗೆ ನಗು ಬಂತು. ಪುಣ್ಯಾತ್ಮ ತಾನೇ ಎಂದು ಮಾತ್ರ ಬಾಯಿಬಿಡಲಿಲ್ಲ.

ಪುಸ್ತಕ ಕನ್ನಡದಲ್ಲಿತ್ತು, ದಪ್ಪ ಅಕ್ಷರ. ಒಂದು ಬಗೆಯ ನಡುಕ ಕೈ ಸುಮ್ಮನಿದ್ದಾಗ ಹೆಚ್ಚು, ಇನ್ನೊಂದು ಬಗೆಯದು ಕೈ ಕೆಲಸಕ್ಕೆ ತೊಡಗಿದಾಗ, ಎಂದಿತ್ತು. ದೊಡ್ಡಪ್ಪನ ಕೈ ಹಾಸಿಗೆಯ ಮೇಲೆ ಸುಮ್ಮನೆ ಇಟ್ಟಾಗಲೂ ನಡುಗುತ್ತಿತ್ತು. ಗೀಟಣ್ಣ ಕೈಯನ್ನು ತೊಡೆಯ ಮೇಲಿಟ್ಟು ನೋಡಿದ. ಸುಮ್ಮನಿತ್ತು. ಪುಟ ಮಗುಚಲು ಎತ್ತಿದ. ನಡುಗಿತು. ಮತ್ತೆ ಇಟ್ಟ, ಮತ್ತೆ ಎತ್ತಿದ. ನಂಬಲು ಹೆದರಿಕೆ, ನಂಬದಿರಲೂ ಹೆದರಿಕೆ. ನರದ ಡಾಕ್ಟರನ್ನು ಕೇಳಬೇಕಾದ ಐದು ಪ್ರಶ್ನೆಗಳನ್ನು ಅವನು ಹೇಳುತ್ತ ಹೋದ, ಆಕೆ ಬರೆದುಕೊಟ್ಟಳು.

ಅಂದೇ ಮನೆಯಲ್ಲಿ ಹೆಂಡತಿಯ ಮುಂದೆ ಎಲ್ಲ ಕಕ್ಕಿದ.

“ನನಗೆ ಕಣ್ಣಿಲ್ವಾ?” ಅಂದಳು ಅವಳು. “ನೀವಾಗೇ ಹೇಳ್ಲಿ ಅಂತ ಕಾದೆ. ದಿನಾ ಲೋಟಕ್ಕೆ ಅರ್ಧ ಮಾತ್ರ ಚಹಾ ಹಾಕ್ತಿದ್ದೆನಲ್ಲ, ಹಾಲಿಗೆ ಬರ ಬಂದಿತ್ತು ಅಂದ್ಕೊಂಡ್ರಾ?”

ಸೋಮವಾರ ಇಬ್ಬರೂ ಹೋದರು. ನರದ ಡಾಕ್ಟರು ಐದು ಪ್ರಶ್ನೆಗೂ ಉತ್ತರ ಕೊಟ್ಟರು. ದೊಡ್ಡಪ್ಪನ ಕಾಯಿಲೆಯಲ್ಲ. ಕೆಲಸ ಮಾಡುವಾಗ ಬರುವ ನಡುಕ. ಮಾತ್ರೆಗೆ ತಗ್ಗುತ್ತದೆ, ಪೂರ್ತಿ ಹೋಗದು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಗೀಟಣ್ಣ ಆ ಐದು ಉತ್ತರಗಳನ್ನೂ ಹೆಂಡತಿಯಿಂದ ಇನ್ನೊಮ್ಮೆ ಹೇಳಿಸಿಕೊಂಡ.

ಸಣ್ಣ ಬೋರ್ಡುಗಳನ್ನು ಬಿಟ್ಟ. ಗೋಡೆಯಗಲದ ಅಕ್ಷರಗಳನ್ನು ಈಗಲೂ ಬರೆಯುತ್ತಾನೆ. ಕೆಲವು ಬೆಳಿಗ್ಗೆ ಎಚ್ಚರವಾದ ಕೂಡಲೇ ಕೈಯನ್ನೇ ನೋಡುತ್ತ ಮಲಗಿರುತ್ತಾನೆ. ಆ ಪುಕ್ಕಲು ಇನ್ನೂ ಹೋಗಿಲ್ಲ. ಅಂಥ ದಿನ ಗ್ರಂಥಾಲಯಕ್ಕೆ ಹೋಗಿ ಕೈಗೆ ಸಿಕ್ಕಿದ್ದನ್ನು ಓದುತ್ತಾನೆ. ಮೊನ್ನೆ ಮನೆಗೆ ಬಂದವನೇ, “ತಿಮಿಂಗಿಲ ಮರಿಗೆ ಹಾಲು ಕುಡಿಸುತ್ತಂತೆ ಕಣೇ” ಅಂದ. “ನೀರೊಳಗಾ?” ಅಂತ ಅವಳು ಒಲೆ ಸಣ್ಣ ಮಾಡಿ ಕೇಳಲು ಕೂತಳು.