ಎಕ್ಸ್‌ರೇಯಲ್ಲಿ ಕಾಣದ ಹಲ್ಲು

ಇಪ್ಪತ್ತಾರು ವರ್ಷದಿಂದ ರಾಯಚೂರಿನಲ್ಲಿ ಜನರ ಗಂಟಲಿನಿಂದ ಸಾಮಾನು ತೆಗೆಯುತ್ತಿದ್ದೇನೆ. ಹೊರಗಿನ ಬೋರ್ಡಿನಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರು ಅಂತ ಇದೆ. ನನ್ನ ಗಂಡ ಮಾತ್ರ ನಿನ್ನದು ನೆಲದಡಿಯ ಹಗೇವಿಗೆ ಇಳಿದು ಜೋಳ ತೆಗೆಯುವ ಕೆಲಸ ಎಂದು ಛೇಡಿಸುತ್ತಾರೆ. ಹಗೇವಿನಿಂದ ಜೋಳವಾದರೂ ಬರುತ್ತದೆ, ನನಗೆ ಸಿಗುವುದು ರೂಪಾಯಿ ಬಿಲ್ಲೆ, ಪಿನ್ನು, ಕೋಳಿ ಎಲುಬು. ಮೊದಮೊದಲು ಒಂದು ಬಿಲ್ಲೆ ಹೊರಗೆ ಬಂದರೆ ಕುಣಿಯುವಷ್ಟು ಖುಷಿಯಾಗುತ್ತಿತ್ತು. ಈಗ ಬಗ್ಗಿ ನಿಂತು ನಿಂತು ಸೊಂಟ ಹಿಡಿದುಕೊಂಡಿದೆ, ಮನೆಗೆ ಹೋದರೆ ಯಾರ ಮಾತೂ ಬೇಡ ಅನ್ನಿಸುತ್ತದೆ.

ನಮ್ಮ ಕಡೆ ಗಂಟಲಲ್ಲಿ ಏನು ಸಿಕ್ಕಿಕೊಂಡರೂ ಮೊದಲ ಔಷಧ ಬಾಳೆಹಣ್ಣು. ದೇವದುರ್ಗದಲ್ಲಿ ಬಸ್ಸು ಹತ್ತುವ ಮೊದಲು ಎರಡು ತಿನ್ನಿಸುತ್ತಾರೆ, ಇಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಮತ್ತೊಂದು. ಅದೂ ಆಗದಿದ್ದರೆ ಅನ್ನದ ಉಂಡೆ, ರೊಟ್ಟಿಯ ತುಣುಕು. ಒಳಗಿರುವುದು ಇನ್ನಷ್ಟು ಬಿಗಿಯಾಗಿ ಕೂರುತ್ತದೆ. ಹೊಟ್ಟೆ ತುಂಬಿದವರಿಗೆ ಅರಿವಳಿಕೆ ಕೊಡುವಂತಿಲ್ಲವಾದ್ದರಿಂದ ಆರು ತಾಸು ಎಲ್ಲರೂ ಮುಖ ಮುಖ ನೋಡುತ್ತ ಕೂರಬೇಕು. ಯಾರು ಹೇಳಿದರು ನಿಮಗೆ ತಿನ್ನಿಸಲು ಎಂದು ನಾನು ಬೈಯುತ್ತೇನೆ. ಆ ಬೈಗುಳ ನನಗೆ ಬಾಯಿಪಾಠವಾಗಿದೆ. ಅದಕ್ಕೇ ಮುಂದಿನದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಹಿರೇಕೊಟ್ನೆಕಲ್ ಕಡೆಯಿಂದ ಒಬ್ಬ ಕುರಿ ಕಾಯುವವನು ಹೆಂಡತಿಯ ಜೊತೆ ಬಂದಿದ್ದ. ಅರವತ್ತು ದಾಟಿದ ಒಣಕಲು ಮನುಷ್ಯ, ಹೆಗಲ ಮೇಲೆ ಕಂಬಳಿ. ಮುಂದಿನ ಎರಡು ಹಲ್ಲು ಬಿದ್ದ ಮೇಲೆ ಸಿಳ್ಳು ಹೊರಡದೆ, ಕುರಿಗಳು ಮಾತು ಕೇಳುತ್ತಿರಲಿಲ್ಲವಂತೆ. ಬಜಾರಿನಲ್ಲಿ ರಸ್ತೆ ಬದಿ ಕೂತು ಹಲ್ಲು ಕಟ್ಟುವವನ ಹತ್ತಿರ ಪ್ಲಾಸ್ಟಿಕ್ಕಿನ ಎರಡು ಹಲ್ಲು ಮಾಡಿಸಿ ಹಾಕಿಕೊಂಡಿದ್ದ. ಅದು ಸಡಿಲಾಗಿತ್ತು. ಹಿಂದಿನ ದಿನ ಅಡವಿಯಲ್ಲಿ ರೊಟ್ಟಿ ತಿನ್ನುವಾಗ ತುತ್ತಿನ ಜೊತೆ ಒಳಗೆ ಹೋಯಿತು ಎಂದು ಹೇಳಿದ.

ಅಂದು ಬೆಳಗಿನಿಂದ ಎರಡು ಆಪರೇಷನ್ ಮುಗಿಸಿ, ಹೊರರೋಗಿಗಳ ಸಾಲಿನಲ್ಲಿ ಅರ್ಧಕ್ಕೆ ಬಂದಿದ್ದೆ. ಎಕ್ಸ್‌ರೇ ತೆಗೆಸಿದೆ. ಏನೂ ಇರಲಿಲ್ಲ. ಪ್ಲಾಸ್ಟಿಕ್ಕು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ ಎಂದು ಕಿರಿಯ ಡಾಕ್ಟರುಗಳಿಗೆ ವರ್ಷವೂ ಪಾಠ ಮಾಡುವವಳು ನಾನೇ. ಗಂಟಲಿಗೆ ಕನ್ನಡಿ ಹಿಡಿದಾಗ ಕೆಳಗೆ ಜೊಲ್ಲು ನಿಂತಿದ್ದು ಕಂಡಿತು. ಜೊಲ್ಲು ಇಳಿಯದೆ ನಿಂತರೆ ಕೆಳಗೆ ಏನೋ ಅಡ್ಡ ಇದೆ ಎಂದೇ ಅರ್ಥ. ಅದೂ ಗೊತ್ತು. ಒಂದು ಲೋಟ ನೀರು ಕುಡಿಸಿದೆ. ಮುಖ ಕಿವಿಚಿಕೊಂಡರೂ ಕುಡಿದ. ಅವನನ್ನು ಮನೆಗೆ ಕಳಿಸಲು ನನಗೆ ಅಷ್ಟೇ ಬೇಕಾಗಿತ್ತು.

ಅವನು ಕುತ್ತಿಗೆಯ ಬುಡದಲ್ಲಿ ಬೆರಳಿಟ್ಟು, “ಇಲ್ಲೇ ಅದ ರೀ ಯವ್ವಾ” ಅಂದ.

“ಫೋಟೊದಾಗ ಏನೂ ಇಲ್ಲ. ಹಲ್ಲು ಅಡವ್ಯಾಗ ಎಲ್ಲೋ ಬಿದ್ದಿರಬೇಕು. ಗಂಟಲ ಗೀರ್ಯಾದ, ಅಷ್ಟ. ಮನಿಗಿ ಹೋಗಿ ಛಲೋತ್ನಾಗಿ ಉಣ್ರಿ,” ಅಂದೆ ನಾನು.

ಉಣ್ಣಿರಿ ಎಂದು ನಾನೇ ಹೇಳಿದೆ. ಮುಂದಿನವರನ್ನು ಕರೆದೆ.

ಮೂರನೆಯ ದಿನ ಬೆಳಿಗ್ಗೆ ಅವರಿಬ್ಬರೂ ಮತ್ತೆ ಬಂದರು. ಅವನಿಗೆ ಜ್ವರ. ಉಗುಳು ಸಹ ನುಂಗಲಾಗದೆ ಟವೆಲ್ಲಿಗೆ ಒರೆಸಿಕೊಳ್ಳುತ್ತಿದ್ದ. ಅನ್ನನಾಳ ತೂತಾಗಿದ್ದರೆ ಕೀವು ಎದೆಗೆ ಇಳಿಯುತ್ತದೆ, ಆಮೇಲೆ ಮನುಷ್ಯ ಉಳಿಯುವುದು ಕಷ್ಟ. ಕುತ್ತಿಗೆಯ ಚರ್ಮದಡಿ ಗಾಳಿ ಸೇರಿದೆಯೇನೋ ಎಂದು ಒತ್ತಿ ನೋಡಿದೆ. ಸದ್ಯ, ಗಾಳಿ ಇರಲಿಲ್ಲ. ಸ್ಕ್ಯಾನಿನಲ್ಲಿ ಅನ್ನನಾಳದ ಮೇಲ್ಭಾಗದಲ್ಲಿ, ಅವನು ಬೆರಳಿಟ್ಟು ತೋರಿಸಿದ ಜಾಗದಲ್ಲೇ, ಹಲ್ಲು ಅಡ್ಡ ಕೂತಿತ್ತು.

ಏನು ತಿಂದಿದ್ದಾನೆ ಎಂದು ಹೆಂಡತಿಯನ್ನು ಕೇಳಿದೆ. ಅವಳು ಒಂದೊಂದಾಗಿ ಹೇಳುತ್ತ ಹೋದಳು. ಡಾಕ್ಟರು ಇಲ್ಲ ಅಂದ ಮೇಲೂ ಇವನು ಇದೆ ಅಂತಾನಲ್ಲ ಎಂದು ಅವಳಿಗೆ ಸಿಟ್ಟು ಬಂದಿತ್ತು. ಕುರಿ ಹಿಂದೆ ಹೋಗಲು ಮೈಗಳ್ಳತನ, ಅದಕ್ಕೇ ಸೋಗು ಹಾಕುತ್ತಾನೆ ಎಂದು ಓಣಿಯವರ ಮುಂದೆಯೇ ಅಂದುಬಿಟ್ಟಿದ್ದಳು. ಹುಟ್ಟಿದಾಗಿನಿಂದ ಕುರಿ ಕಾಯ್ದವನಿಗೆ ಅದಕ್ಕಿಂತ ದೊಡ್ಡ ಮಾತು ಬೇರೆ ಏನಿದೆ? ಅವನು ಅವಳ ಜೊತೆ ಮಾತು ಬಿಟ್ಟ. ಆದರೆ ಅವಳು ಕೊಟ್ಟಿದ್ದನ್ನು ಮಾತ್ರ ತಳ್ಳಲಿಲ್ಲ. ಹಾಲಿನಲ್ಲಿ ನೆನೆಸಿದ ರೊಟ್ಟಿ, ಬಾಳೆಹಣ್ಣು, ಅನ್ನದ ಉಂಡೆ, ಅವಳು ಬಾಯಿಗೆ ಇಟ್ಟಿದ್ದನ್ನೆಲ್ಲ ಕಣ್ಣು ಮುಚ್ಚಿ ನುಂಗಲು ನೋಡುತ್ತಿದ್ದನಂತೆ. ಹಿಂದಿನ ಸಂಜೆಯಿಂದ ಒಂದೂ ಒಳಗೆ ಹೋಗದೆ ಹೊರಗೆ ಬರತೊಡಗಿದ ಮೇಲೆ ಅವಳಿಗೆ ಹೆದರಿಕೆಯಾಗಿತ್ತು. ಬಾಯಿಪಾಠವಾಗಿದ್ದ ನನ್ನ ಬೈಗುಳ ಅಂದು ಬಾಯಿಗೆ ಬರಲಿಲ್ಲ.

ಮಧ್ಯಾಹ್ನ ಅವನಿಗೆ ಅರಿವಳಿಕೆ ಕೊಡಿಸಿ ಗಂಟಲಿಗೆ ಕೊಳವೆ ಇಳಿಸಿದೆ. ಹಲ್ಲಿನ ಮೇಲೆ ರೊಟ್ಟಿ, ಹಣ್ಣು ಒತ್ತೊತ್ತಾಗಿ ಕೂತಿದ್ದವು. ಅವನ್ನು ಚೂರುಚೂರು ತೆಗೆಯಲು ಅರ್ಧ ತಾಸು ಹಿಡಿಯಿತು. ಆಮೇಲೆ ಹಲ್ಲು ಕೂರಿಸಿದ್ದ ಗುಲಾಬಿ ಬಣ್ಣದ ಪ್ಲಾಸ್ಟಿಕ್ಕು ಕಂಡಿತು. ಅದರ ಒಂದು ಚೂಪು ಮೂಲೆ ಅನ್ನನಾಳದ ಗೋಡೆಗೆ ನಾಟಿತ್ತು. ಎಳೆದರೆ ಹರಿಯುತ್ತದೆ. ಇಕ್ಕಳದಲ್ಲಿ ಹಿಡಿದು ಸ್ವಲ್ಪ ಕೆಳಗೆ ತಳ್ಳಿ, ಮೂಲೆ ಬಿಡಿಸಿ, ತಿರುಗಿಸಿ, ಮೆಲ್ಲಗೆ ಮೇಲೆ ತಂದೆ. ನಾಟಿದ ಜಾಗದಲ್ಲಿ ಆಳವಾದ ಗಾಯವಿತ್ತು, ತೂತಾಗಿರಲಿಲ್ಲ. ಮೂಗಿನಿಂದ ಹೊಟ್ಟೆಗೆ ಟ್ಯೂಬು ಹಾಕಿ ಹೊರಗೆ ಬಂದೆ.

ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಹಲ್ಲು ತೋರಿಸಿದೆ, ಗಂಡ ಉಳಿಯುತ್ತಾನೆ ಎಂದೆ. ಅವಳು ಹಲ್ಲಿನ ಕಡೆ ನೋಡಲೇ ಇಲ್ಲ.

“ನಾ ತಿನಿಸಿದ್ದಕ್ಕ ಹಿಂಗಾತೇನ್ರಿ ಯವ್ವಾ?” ಅಂದಳು.

ಹೂಂ ಅಂದಿದ್ದರೂ ನಂಬುತ್ತಿದ್ದಳು, ಸುಮ್ಮನಿದ್ದಿದ್ದರೂ ನಂಬುತ್ತಿದ್ದಳು. ಸುಮ್ಮನಿರುವುದು ಬಹಳ ಸುಲಭವಿತ್ತು. ನಿಜ ಹೇಳುತ್ತೇನೆ, ಒಂದು ಕ್ಷಣ ಹಾಗೇ ನಿಂತಿದ್ದೆ.

“ಇಲ್ಲವ್ವಾ. ಹಲ್ಲು ಅಲ್ಲೇ ಇತ್ತು, ನಾ ಇಲ್ಲ ಅಂದೆ. ಉಣ್ಣಾಕ ಹೇಳಿದಾಕಿನೂ ನಾನ.”

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ಬೈಯಲಿ ಎಂದು ಕಾದೆ. ಬೈದಿದ್ದರೆ ನನಗೂ ಹಗುರವಾಗುತ್ತಿತ್ತು.

“ಹಂಗಾರ ಅದನ್ನ ಅವರ ಮುಂದ ಹೇಳ್ರಿ,” ಅಂದಳು. “ನಾ ಹೇಳಿದ್ರ ಕೇಳಂಗಿಲ್ಲ.”

ಅವನಿಗೆ ಪೂರ್ತಿ ಎಚ್ಚರವಾದ ಮೇಲೆ ಸಂಜೆ ವಾರ್ಡಿಗೆ ಹೋದೆ. ಅಕ್ಕಪಕ್ಕದ ಮಂಚದವರೆಲ್ಲ ಕೇಳಿಸಿಕೊಳ್ಳುತ್ತಿದ್ದರು, ನರ್ಸು ಸಹ ಅಲ್ಲೇ ಇದ್ದಳು. ನೀವು ಹೇಳಿದ್ದು ಖರೆ, ನಾನೇ ತಪ್ಪಿದೆ, ನಿಮ್ಮ ಹೆಂಡತಿ ನನ್ನ ಮಾತು ನಂಬಿ ಹಾಗೆ ಅಂದಳು, ಅವಳದೇನೂ ತಪ್ಪಿಲ್ಲ ಎಂದು ಹೇಳಿದೆ. ಇಷ್ಟು ವರ್ಷದಲ್ಲಿ ರೋಗಿಯೊಬ್ಬನ ಮುಂದೆ ಆ ಮಾತು ಆಡಿದ್ದು ಅದೇ ಮೊದಲು.

ಅವನು ಮೂಗಿನಲ್ಲಿದ್ದ ಟ್ಯೂಬನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಕಾಲ ಕಡೆ ನಿಂತಿದ್ದ ಹೆಂಡತಿಯತ್ತ ತಿರುಗಿದ. ದನಿ ಸರಿಯಾಗಿ ಹೊರಡುತ್ತಿರಲಿಲ್ಲ.

“ನೀ ಉಂಡಿಯೇನು?” ಅಂದ.

ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು. ಅವನು ಮಾತು ಬಿಟ್ಟ ದಿನದಿಂದ ಅವಳೂ ಉಂಡಿರಲಿಲ್ಲ. ಅದು ಅವನಿಗೆ ಗೊತ್ತಿತ್ತು.