ಬಾಡಿಗೆಗೆ ಹೋದ ಬಾಗಿಲು

ಅರಸೀಕೆರೆಯಲ್ಲಿ ನಮ್ಮದು ರೈಲಿನ ಬೋಗಿಯಂಥ ಮನೆ. ಉದ್ದವೇ ಉದ್ದ, ಬೀದಿಗೆ ಒಂದೇ ಬಾಗಿಲು. ಎಪ್ಪತ್ತರ ದಶಕದ ಕೊನೆಯಲ್ಲಿ ಮುಂಭಾಗವನ್ನು ಬಾಡಿಗೆಗೆ ಕೊಡಲು ನಿಶ್ಚಯಿಸಿ, ನಾನೂ ನನ್ನ ಹೆಂಡತಿಯೂ ಹಿಂದಕ್ಕೆ ಸರಿದೆವು. ಹಳೇಬೀಡಿನಿಂದ ವರ್ಗವಾಗಿದ್ದ ಟೀಚರಮ್ಮ ಒಬ್ಬರು ಕಾಗದ ಬರೆದರು: ರಜೆಯಿಲ್ಲ, ಮನೆ ನೋಡಲು ಬರಲಾರೆ, ವಿವರ ತಿಳಿಸಿ.

ದಾನಶಾಸನ ಕೆತ್ತಿಸುವ ಗಾಂಭೀರ್ಯದಿಂದ ಇನ್‌ಲ್ಯಾಂಡ್ ಲೆಟರಿನ ಮಗ್ಗುಲುಗಳನ್ನೆಲ್ಲ ತುಂಬಿಸಿದೆ. ಎರಡು ಕಿಟಕಿ, ಅಟ್ಟ, ಜಗಲಿಯ ನೆರಳು, ಒಂದನ್ನೂ ಬಿಡಲಿಲ್ಲ. ‘ಬಾಗಿಲು ಹಾಕಿಕೊಂಡರೆ ಮನೆ ಪೂರ್ತಿ ನಿಮ್ಮದೇ’ ಎಂದೂ ಸೇರಿಸಿದೆ. ನಾವು ಬೀದಿಗಿಳಿಯಬೇಕಾದರೆ ಅವರ ನಡುಮನೆಯನ್ನು ಹಾಯ್ದೇ ಹೋಗಬೇಕೆಂಬ ಸಣ್ಣ ಸಂಗತಿಗೆ ಮಾತ್ರ ಜಾಗ ಸಾಲಲಿಲ್ಲ.

ಟೀಚರಮ್ಮ ತಾಯಿಯೊಂದಿಗೆ ಬಂದು ಹಾಲುಕ್ಕಿಸಿದರು. ಉಕ್ಕಿ ಮುಗಿಯುವವರೆಗೆ ಕಾದು, ಚಪ್ಪಲಿ ಕೈಯಲ್ಲಿ ಹಿಡಿದು ಹೊರಟೆ.

“ಏನಾದ್ರೂ ಬೇಕಿತ್ತಾ ಸಾರ್?”

“ಇಲ್ಲಮ್ಮ, ಅಂಗಡಿಗೆ ಹೊರಟೆ.”

“ನಮ್ಮನೆ ಒಳಗಿಂದ್ಲಾ?”

“ಬೇರೆ ದಾರಿ ಇಲ್ಲ ಕಣಮ್ಮ.”

ಅವರ ತಾಯಿ ಒಲೆಯ ಕಡೆ ನೋಡಿದರು. “ಹಾಲುಕ್ಕಿಸಾಯ್ತಲ್ಲೇ. ಇನ್ನು ಬಿಟ್ಟೋಗೋಕಾಗ್ತದಾ?”

ಟೀಚರಮ್ಮ ಟೈಂಟೇಬಲ್ ಹಾಕಿದರು. ಬೆಳಗ್ಗೆ ಎಂಟಕ್ಕೆ ನಮ್ಮ ನಿರ್ಗಮನ, ಹತ್ತಕ್ಕೆ ಆಗಮನ. ಅವರು ಜೈನರು, ಹೊತ್ತು ಮುಳುಗುವ ಮುನ್ನ ಊಟ. ನಾನು ಸ್ಟೇಷನ್ನಿನ ಕಡೆ ಗಾಳಿಗೆ ಹೋಗುತ್ತಿದ್ದದ್ದೂ ಅದೇ ಹೊತ್ತಿಗೆ. “ಉಣ್ಣೋರ ಮುಂದೆ ದಾಟ್ಕೊಂಡು ಹೋಗ್ತೀರಾ?” ಎಂದಳು ಹೆಂಡತಿ. ನನ್ನ ವಾಯುವಿಹಾರವು ಅಲ್ಲಿಗೆ ಸಮಾಪ್ತವಾಯಿತು.

ಒಂದು ಭಾನುವಾರ ಹಾರನಹಳ್ಳಿಯಲ್ಲಿ ಹೆಂಡತಿಯ ತಮ್ಮನ ಮಗಳ ನಿಶ್ಚಿತಾರ್ಥ. ಅವಳು ರೇಷ್ಮೆ ಸೀರೆಯುಟ್ಟಳು. ಎಂಟಕ್ಕೆ ಸರಿಯಾಗಿ ನಡುಮನೆ ದಾಟಿದೆವು. ಬೀದಿಬಾಗಿಲು ಅಲುಗಲಿಲ್ಲ. ತಾಯಿ ಮಗಳು ಬಸದಿಯ ಪೂಜೆಗೆಂದು ಮುಂಜಾನೆಯೇ ಹಳೇಬೀಡಿಗೆ ಹೋಗಿದ್ದರು. ಹೋಗುವಾಗ, ಮನೆಯಿಂದ ಹೊರಡುವ ಯಾರೇ ಆದರೂ ಮಾಡುವಂತೆ, ಹೊರಗಿನಿಂದ ಬೀಗ ಹಾಕಿದ್ದರು.

ನಾನು ಕಿಟಕಿಯ ಸರಳು ಹಿಡಿದು ನಿಂತೆ. ಎದುರುಮನೆಯವನು ಸೈಕಲ್ ನಿಲ್ಲಿಸಿದ.

“ಏನ್ ಸ್ವಾಮಿ, ನಿಮ್ಮನೇಲೇ ನಿಮಗೆ ಜೈಲಾ?”

“ಇಲ್ಲ ಕಣಯ್ಯ, ಬಾಡಿಗೆಗೆ ಕೊಟ್ಟಿದ್ದೀನಿ.”

ಬೀಗ ಒಡೆಯೋಣವೆಂದರೆ ಬೀಗ ಅವರದು. ಹತ್ತರ ಬಸ್ಸು ಹೋಯಿತು, ಹನ್ನೆರಡರದೂ ಹೋಯಿತು. ಹೆಂಡತಿ ಸೀರೆ ಬದಲಿಸದೆ ಟ್ರಂಕಿನ ಮೇಲೆಯೇ ಕೂತಿದ್ದಳು.

“ಎರಡು ಕಿಟಕಿ ವಿಷಯ ಬರೆದ್ರಿ. ಒಂದು ಬಾಗಿಲು ವಿಷಯ ಬರೆಯೋಕೆ ಏನಾಗಿತ್ತು?”

ಅವಳ ತಮ್ಮನ ಮನೆಯ ಮೊದಲ ಶುಭಕಾರ್ಯ ಅದು. ಅವಳಿಗಾಗಿ ಅಲ್ಲಿ ಕಾದಿರುತ್ತಾರೆಂದು ನನಗೂ ಗೊತ್ತಿತ್ತು.

ಸಂಜೆ ಬೀಗ ತೆಗೆದ ಟೀಚರಮ್ಮ ಆ ರೇಷ್ಮೆ ಸೀರೆಯನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟರು. ನನ್ನತ್ತ ನೋಡಲಿಲ್ಲ. ಮರುದಿನ ಇನ್ನೊಂದು ಬೀಗದಕೈ ಮಾಡಿಸಿ ತಂದು ನನ್ನ ಹೆಂಡತಿಯ ಕೈಗಿತ್ತರು. “ನಿಮ್ಮತ್ರಾನೇ ಇರ್ಲಿ ಅಮ್ಮ. ಬೀಗ ಹಾಕಿದ್ರೆ ಕಿಟಕಿಯಿಂದ ಯಾರಿಗಾದ್ರೂ ಕೊಟ್ಟು ತೆಗೆಸ್ಕೊಳ್ಳಿ.”

ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

“ಸ್ವಲ್ಪ ಹೊರಗೆ ಹೋಗಬೇಕಿತ್ತು” ಎಂದೆ.

“ಎಲ್ಲಿಗೆ?” ಎಂದಳು.